ಉರಿಯುವ ದೀಪಕ್ಕೆ ಕಡ್ಡಿ

ನನ್ನ ಗಂಡನ ಹತ್ತಿರ ಹೊಟ್ಟೆನೋವು ಎಂದು ಹೇಳಿ ನೋಡಿ. ಮಾತ್ರೆ ತರುವುದಿಲ್ಲ, ಟ್ಯೂಬ್‌ಲೈಟ್ ಬದಲಿಸುತ್ತಾರೆ. ತಮಾಷೆಗೆ ಹೇಳುತ್ತಿಲ್ಲ. ಮದುವೆಯಾದ ಹೊಸತರಲ್ಲಿ ಒಂದು ದಿನ ತವರಿನ ನೆನಪಾಗಿ ಅಡುಗೆಮನೆಯಲ್ಲಿ ಕೂತು ಅಳುತ್ತಿದ್ದೆ. ಬಾಗಿಲಲ್ಲಿ ನಿಂತು ನೋಡಿದರು, ಹಾಗೇ ಹೊರಟುಹೋದರು, ಸಂಜೆ ಬರುವಾಗ ಒಂದು ಹಳದಿ ಬಲ್ಬು ತಂದು ಒಲೆಯ ಮೇಲ್ಗಡೆ ಸಿಕ್ಕಿಸಿದರು. "ಆ ಬಿಳಿ ಬೆಳಕಲ್ಲಿ ಕೂತ್ರೆ ಯಾರಿಗಾದ್ರೂ ಅಳು ಬರ್ತದೆ," ಎಂದರು. ಅವತ್ತು ನಗು ಬಂತು. ಈಗ ಅದನ್ನು ನೆನೆದರೆ ಮೈ ಉರಿಯುತ್ತದೆ.

ಹೆಸರು ಶನಿಯಾರ. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು ಎಂದು ಅತ್ತೆ ಮೊದಲ ವಾರವೇ ತಾಕೀತು ಮಾಡಿದ್ದರು. ನಾನೀಗ ಹೇಳುತ್ತಿಲ್ಲ, ಬರೆಯುತ್ತಿದ್ದೇನೆ. ಶನಿವಾರ ಹುಟ್ಟಿದ್ದಕ್ಕೆ ಶನಿಯಾರ. ಹೊನ್ನಾವರದಲ್ಲಿ ಹೆದ್ದಾರಿಯ ಪಕ್ಕ ಅಲಂಕಾರದ ಲೈಟುಗಳ ಅಂಗಡಿ ಹಾಕುವಾಗ, "ಶನಿ ಅಂತ ಶುರುವಾಗೋ ಬೋರ್ಡು ನೋಡಿ ಯಾರು ಒಳಗೆ ಬರ್ತಾರೆ ಮಾರಾಯ" ಎಂದು ನೆಂಟರೆಲ್ಲ ತಕರಾರು ತೆಗೆದರು. ಆಗ ಇವರು ತಾಯಿಯ ಹೆಸರನ್ನು ಇಟ್ಟರು. ಕಮಲಿ ಎನ್ನುವುದನ್ನು ಒಂಚೂರು ಪೇಟೆಯ ಹೆಸರು ಮಾಡಿ 'ಕಮಲಾ ಡೆಕೋರ್ ಲೈಟ್ಸ್'. ನನ್ನ ಅತ್ತೆ ಕಮಲಿ ಹೊನ್ನಾವರದ ಮೀನುಪೇಟೆಯಲ್ಲಿ ಆಯುಷ್ಯ ಸವೆಸಿದವರು. ಬೋರ್ಡಿನ ದೀಪ ಮೊದಲ ಸಲ ಹತ್ತಿದ ಸಂಜೆ ಖಾಲಿ ಬುಟ್ಟಿ ಸೊಂಟಕ್ಕಿಟ್ಟುಕೊಂಡು ರಸ್ತೆಯಾಚೆ ನಿಂತು, "ನನ್ನ ಹೆಸ್ರಿಗೆ ಎಂತಕ್ಕೆ ಇಷ್ಟು ಕರೆಂಟು?" ಎಂದು ಬೈದರು. ಬೈದದ್ದು ಬಾಯಿ ಮಾತ್ರ. ಮುಖ ನೋಡಬೇಕಿತ್ತು.

ಆ ಮುಖದ ಹಿಂದೆ ಒಂದು ಕಥೆಯಿದೆ, ಅದನ್ನು ಮೊದಲು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಇವರದು ಹೊನ್ನಾವರದ ಪಕ್ಕದ ಕಾಸರಕೋಡಿನ ದೋಣಿ ಮನೆ. ಮಾವ ದೇವಪ್ಪ ಬೋಟಿನ ತಾಂಡೇಲರು, ಎಂದರೆ ಬೋಟು ನಡೆಸುವವರು. ಮಗ ಪರೀಕ್ಷೆಯಲ್ಲಿ ಫೇಲಾದ ಕೂಡಲೇ ಅವನನ್ನು ಬೋಟಿಗೆ ಹತ್ತಿಸಿದರು. ಶರಾವತಿ ಕಡಲು ಸೇರುವ ಅಳಿವೆ ದಾಟುವುದರೊಳಗೆ ಇವರ ವಾಂತಿ ಶುರು. ಬೋಟು ತಿರುಗಿ ದಕ್ಕೆಗೆ ಬರುವವರೆಗೂ ನಿಲ್ಲುತ್ತಿರಲಿಲ್ಲ. ನಾಲ್ಕು ದಿನ ಹೋದರೆ ಅಭ್ಯಾಸವಾಗುತ್ತದೆ ಎಂದರು, ಆಗಲಿಲ್ಲ. ಲಿಂಬೆಹಣ್ಣು ಕೊಟ್ಟರು, ತಾಯತ ಕಟ್ಟಿದರು, ಎಂತ ಮಾಡಿದರೂ ಅಷ್ಟೇ. ಮೀನುಗಾರನ ಮಗನಿಗೆ ಕಡಲು ಆಗಿಬರುವುದಿಲ್ಲ ಎಂದರೆ ಭಟ್ಟರ ಮಗನಿಗೆ ಮಂತ್ರ ಕೇಳಿದರೆ ತಲೆನೋವು ಬಂದ ಹಾಗೆ. ದಕ್ಕೆಯಲ್ಲಿ ಇವರಿಗೆ ಒಂದು ಅಡ್ಡಹೆಸರೇ ಬಿತ್ತು. ಅದನ್ನು ನಾನು ಬರೆಯುವುದಿಲ್ಲ. ಮಾವನೂ ಎಲ್ಲರ ಎದುರು ಅದೇ ಹೆಸರಿನಿಂದ ಕರೆದ ದಿನ ಅತ್ತೆ ಮೀನು ಕೊಯ್ಯುವ ಕತ್ತಿ ಕೆಳಗಿಟ್ಟು ಎದ್ದು ನಿಂತರಂತೆ. "ಅವನಿಗೆ ಆಗೂದಿಲ್ಲ ಅಂದ್ರೆ ಆಗೂದಿಲ್ಲ. ನನ್ನ ಮಗನ್ನ ನಾ ಮೀನು ಮಾರಿ ಸಾಕ್ತೆ, ನಿಮ್ಗೆಂತ?" ಅಲ್ಲಿಗೆ ಇವರ ಕಡಲು ಮುಗಿಯಿತು.

ಬೋಟಿನಲ್ಲಿ ವಾಂತಿ ಮಾಡಿಕೊಳ್ಳದೆ ಇವರು ಮಾಡುತ್ತಿದ್ದ ಕೆಲಸ ಒಂದೇ, ದಕ್ಕೆಯಲ್ಲಿ ನಿಂತ ಬೋಟಿನ ಬಲ್ಬು, ಬ್ಯಾಟರಿ, ವಯರು ರಿಪೇರಿ. ಆ ಕೈಚಳಕ ಹಿಡಿದುಕೊಂಡು ಕುಮಟಾದಲ್ಲಿ ಮದುವೆ ಚಪ್ಪರಗಳಿಗೆ ಲೈಟು ಹಾಕುವವರೊಬ್ಬರ ಹತ್ತಿರ ಸೇರಿದರು. ಸೀರಿಯಲ್ ಸೆಟ್ಟು ಮರಕ್ಕೆ ಸುತ್ತುವುದು, ಕಮಾನು ಕಟ್ಟುವುದು, ಜನರೇಟರ್ ಕಾಯುವುದು. ನಮ್ಮ ಮದುವೆಯ ಚಪ್ಪರದ ಲೈಟನ್ನೂ ತಾನೇ ಹಾಕುತ್ತೇನೆ ಎಂದು ಹಟ ಹಿಡಿದರು. ಮುಹೂರ್ತದ ಹೊತ್ತಿಗೆ ಮದುಮಗ ಎಲ್ಲಿ ಎಂದು ಹುಡುಕಿದರೆ, ಬಾಸಿಂಗ ಕಟ್ಟಿಕೊಂಡೇ ಏಣಿಯ ಮೇಲಿದ್ದರು. ಯಾವುದೋ ಒಂದು ಸಾಲು ಹತ್ತುತ್ತಿರಲಿಲ್ಲವಂತೆ. ಪುರೋಹಿತರು ಕೆಳಗಿನಿಂದ ಕೂಗುತ್ತಿದ್ದಾರೆ, ನನ್ನ ಅಪ್ಪ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಾರೆ, ಅತ್ತೆ ಮಾತ್ರ, "ಇರಿ ಭಟ್ರೆ, ಒಂದು ಗಳಿಗೆ. ಅವ ಮಾಡ್ತ," ಎನ್ನುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವುದು ನನಗೆ ಧಾರೆಗೆ ಮೊದಲೇ ಗೊತ್ತಾಯಿತು.

ಅಂಗಡಿಯ ಬಗ್ಗೆ ಹೇಳದೆ ಇವರ ಬಗ್ಗೆ ಹೇಳಿದಂತೆ ಆಗುವುದಿಲ್ಲ. ಬೇರೆಯವರ ಲೈಟಿನ ಅಂಗಡಿಗೆ ಹೋದರೆ ಎಲ್ಲವನ್ನೂ ಛಾವಣಿಗೆ ತೂಗುಹಾಕಿರುತ್ತಾರೆ, ಎಲ್ಲವೂ ಒಟ್ಟಿಗೆ ಉರಿಯುತ್ತಿರುತ್ತವೆ, ಗಿರಾಕಿ ತಲೆ ಎತ್ತಿ ನೋಡಿ ಕತ್ತು ನೋಯಿಸಿಕೊಂಡು ಹೋಗುತ್ತಾನೆ. ಇವರದು ಹಾಗಲ್ಲ. ಅಂಗಡಿಯೊಳಗೆ ಪ್ಲೈವುಡ್ಡಿನ ಗೋಡೆ ಎಬ್ಬಿಸಿ ಕೋಣೆ ಮಾಡಿದ್ದಾರೆ. ಒಂದು ಹಾಲು, ಒಂದು ಮಲಗುವ ಕೋಣೆ, ಒಂದು ಊಟದ ಮೇಜು. ಸೋಫಾ, ಪರದೆ, ಹೂದಾನಿ, ಮೇಜಿನ ಮೇಲೆ ತಟ್ಟೆ ಲೋಟ ಕೂಡ. ಗೋಡೆಗೆ ಬೆಳಕು ಚೆಲ್ಲುವ ಸ್ಪಾಟು, ಸೀಲಿಂಗಿನ ಅಂಚಿನಲ್ಲಿ ಅಡಗಿದ ಸ್ಟ್ರಿಪ್ಪು, ಮೇಜಿನ ಮೇಲೆ ಇಳಿಬಿಟ್ಟ ಗಾಜಿನ ದೀಪ. ಗಿರಾಕಿ ಸೋಫಾದ ಮೇಲೆ ಕೂತು ಮನೆಯಲ್ಲಿದ್ದಂತೆ ನೋಡಬೇಕು. ತಿಂಗಳು ತಿರುಗುವುದರೊಳಗೆ ಎಲ್ಲವನ್ನೂ ಕಿತ್ತು ಮತ್ತೆ ಬೇರೆ ಥರ ಕಟ್ಟುತ್ತಾರೆ. ನಮ್ಮ ಸ್ವಂತ ಮನೆಯ ಸೋಫಾದ ಒಂದು ಕಾಲು ಮುರಿದು ವರ್ಷವಾಯಿತು. ಕೇಳಿದರೆ, "ಅಲ್ಲಿ ಯಾರು ನೋಡ್ತಾರೆ," ಎನ್ನುತ್ತಾರೆ. ಅಲ್ಲಿ ನಾವಿದ್ದೇವೆ, ಪುಣ್ಯಾತ್ಮ!

ಗಿರಾಕಿಗಳೋ, ಅವರ ಕಥೆ ಬರೆದರೆ ಮುಗಿಯದು. ಭಟ್ಕಳದ ಒಬ್ಬ ಅಕ್ಕ ತೂಗುದೀಪ ಆರಿಸಲು ಬಂದು ದುಬೈಯ ಗಂಡನಿಗೆ ವೀಡಿಯೋ ಕಾಲ್ ಮಾಡಿದರು. ಇಲ್ಲಿ ಹಳದಿಯಾಗಿ ಕಾಣುವ ದೀಪ ಅಲ್ಲಿ ನೀಲಿಯಾಗಿ ಕಾಣುತ್ತದಂತೆ. "ಹಳದಿ ಬೇಕು" ಎಂದು ಅವರು ಅಲ್ಲಿಂದ, "ಇದೇ ಹಳದಿ" ಎಂದು ನಾವು ಇಲ್ಲಿಂದ. ಕೊನೆಗೆ ಅವರಿಗೆ ಹಳದಿ ಕಂಡ ದೀಪವನ್ನೇ ಕೊಟ್ಟು ಕಳಿಸಿದೆವು. ಮನೆಯಲ್ಲಿ ಹಾಕಿ ನೋಡಿದರೆ ಸಂತೆಯ ಚಿಮಣಿ ಬುಡ್ಡಿಯ ಹಾಗೆ ಕೆಂಪಗೆ ಉರಿಯಿತಂತೆ, ಹಿಂದೆ ತಂದರು. ಬೋಟಿನವರು ಬಂದು ಅರಮನೆಯಲ್ಲಿ ತೂಗುವಂಥ ಐದು ಮೆಟ್ಟಿಲಿನ ಗಾಜಿನ ದೀಪದ ಗೊಂಚಲು, ಜುಮ್ಮರು, ಬೇಕೆಂದು ಹಟ ಮಾಡುತ್ತಾರೆ. ಮನೆಯ ಸೀಲಿಂಗಿನ ಎತ್ತರ ಕೇಳಿದರೆ ಕೈ ಎತ್ತಿದರೆ ಸಿಗುವಷ್ಟು. ಅಂಥ ಒಂದು ಮನೆಗೆ ಹೋದಾಗ ಜುಮ್ಮರಿಗೆ ಟವಲ್ ಒಣಗಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇದನ್ನೆಲ್ಲ ಇವರು ನಗುತ್ತಾ ತಡೆದುಕೊಳ್ಳುತ್ತಾರೆ. ಬೆಳಕಿನ ವಿಷಯದಲ್ಲಿ ಇವರಿಗೆ ಸಿಟ್ಟೇ ಬರುವುದಿಲ್ಲ. ಇವರ ಪಾಲಿನ ಸಿಟ್ಟನ್ನೂ ನಾನೇ ಮಾಡಿಕೊಳ್ಳಬೇಕು.

ಇನ್ನು ಅತ್ತೆಯ ವಿಷಯ. ಎರಡು ವರ್ಷದ ಹಿಂದೆ ಅತ್ತೆ ಒಂದು ಸಂಜೆ ಬಂಗಡೆಯ ಮುಳ್ಳು ಬಿಡಿಸಲಾಗದೆ ತಟ್ಟೆ ಸರಿಸಿ, "ಎಂತ ಕತ್ತಲೆ ಮಾರಾಯ ಈ ಮನೇಲಿ," ಎಂದರು. ಹುಟ್ಟಿದಾಗಿನಿಂದ ಮೀನು ಮುಟ್ಟಿದ ಕೈ, ಕಣ್ಣು ಮುಚ್ಚಿ ಮುಳ್ಳು ಬಿಡಿಸುವ ಹೆಂಗಸು. ನನಗೆ ಅಲ್ಲೇ ಅನುಮಾನ ಬಂತು. ಇವರಿಗೆ ಬಂದದ್ದು ಅನುಮಾನವಲ್ಲ, ಉತ್ಸಾಹ. ಮಾರನೆಯ ದಿನವೇ ಊಟದ ಜಾಗದ ಮೇಲೆ ದೊಡ್ಡ ದೀಪ ಬಂತು. "ಆಯಿ, ಈಗ ಕಾಣ್ತದ್ಯಾ?" ಎಂದು ಏಣಿಯ ಮೇಲಿನಿಂದ ಕೇಳಿದರು. "ಹ್ಞಾಂ ತಮಾ, ಹಗಲಾದಂಗೆ ಆತು," ಎಂದರು ಅತ್ತೆ. ಇವರ ಮುಖ ನೋಡಬೇಕು, ಕಡಲು ಗೆದ್ದು ಬಂದವರ ಹಾಗೆ.

ಅಲ್ಲಿಂದ ಶುರುವಾಯಿತು. ಅತ್ತೆ ಹೊಸಿಲು ಎಡವಿದರೆ ಹೊಸಿಲಿಗೊಂದು ಲೈಟು. ಬಚ್ಚಲಿನಲ್ಲಿ ಚೊಂಬು ಸಿಗದಿದ್ದರೆ ಬಚ್ಚಲಿಗೆ ಎರಡು. ತುಳಸಿಕಟ್ಟೆ ಸುತ್ತಲೂ ನೆಲದಿಂದ ಮೇಲಕ್ಕೆ ಹೊಡೆಯುವ ಸ್ಪಾಟು. ಪಾಪ ತುಳಸಿ ನಾಟಕದ ಪಾರ್ಟಿನವಳ ಹಾಗೆ ನಿಂತಿರುತ್ತಿತ್ತು. ದೀಪದ ಬುಡದಲ್ಲಿ ಕತ್ತಲೆ ಎಂದು ಗಾದೆ. ನಮ್ಮ ಮನೆಯಲ್ಲಿ ಬುಡದಲ್ಲೂ ಕತ್ತಲೆ ಇರಲಿಲ್ಲ, ಅಲ್ಲಿಗೂ ಸ್ಟ್ರಿಪ್ಪು ಅಂಟಿಸಿದ್ದರು. ಅತ್ತೆಗೆ ತಲೆನೋವು ಶುರುವಾದಾಗ ಒಲೆಯ ಹೊಗೆ ಎಂದರು ಅತ್ತೆ, ನಮ್ಮದು ಗ್ಯಾಸಿನ ಒಲೆ! ಬೆಳಕಿನ ಬಣ್ಣ ಸರಿಯಿಲ್ಲ ಎಂದರು ಇವರು, ಎಲ್ಲ ಬಲ್ಬು ಬದಲಿಸಿದರು. ಪ್ರತಿ ಸಲ ಅದೇ ಏಣಿ, ಅದೇ "ಆಯಿ, ಕಾಣ್ತದ್ಯಾ?", ಅದೇ "ಹ್ಞಾಂ ತಮಾ". ಕತ್ತಲೆ ಇದ್ದದ್ದು ಮನೆಯಲ್ಲಲ್ಲ, ಕಣ್ಣಿನಲ್ಲಿ ಎಂದು ನಾನು ಹೇಳಿದ್ದು ಒಂದು ಸಲವೇ ಎರಡು ಸಲವೇ! ಕೋಣನ ಮುಂದೆ ಕಿನ್ನರಿ.

ಹೋದ ಬೇಸಿಗೆಯಲ್ಲಿ ಊರಿನ ಶಾಲೆಯಲ್ಲಿ ಕಣ್ಣಿನ ಶಿಬಿರ ಆಯಿತು. "ನನ್ನ ಕಣ್ಣು ತೋರಿಸ್ಬೇಕು, ಜೊತೆಗೆ ಬನ್ನಿ" ಎಂದು ಸುಳ್ಳು ಹೇಳಿ ಅತ್ತೆಯನ್ನು ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದೆ. ಡಾಕ್ಟರಮ್ಮ ನೋಡಿ ನನ್ನನ್ನು ಪಕ್ಕಕ್ಕೆ ಕರೆದರು. "ಎರಡೂ ಕಣ್ಣಿಗೆ ಪೊರೆ. ಬಲಗಣ್ಣು ಸ್ವಲ್ಪ ಕಾಯ್ತದೆ. ಎಡಗಣ್ಣಿಂದು ಮಾಗಿ ಹೋಗಿದೆ, ಅದು ಕಾಯೋದಿಲ್ಲ. ಮಳೆಗಾಲಕ್ಕೆ ಮೊದಲೇ ಆಪರೇಷನ್ ಮಾಡಿಸಿ. ಬಿಟ್ಟರೆ ಒಳಗೆ ಒತ್ತಡ ಏರಿ ನರ ಸಾಯ್ತದೆ. ಆಮೇಲೆ ಯಾರು ಎಂತ ಮಾಡಿದ್ರೂ ಬರೋದಿಲ್ಲ."

ಮನೆಗೆ ಬಂದು ಇವರ ಎದುರು ಇದನ್ನೇ ಹೇಳಿದೆ. ಅತ್ತೆ ಬಾಯಿಗೆ ಎಲೆಯಡಿಕೆಯ ಕವಳ ಹಾಕಿಕೊಳ್ಳುತ್ತಾ, "ಅವರಿಗೆ ಕೊಯ್ಯುಕೆ ಕಣ್ಣು ಬೇಕು, ಅದಕ್ಕೇ ಹೇಳ್ತಾರೆ," ಎಂದರು. ಅತ್ತೆಯ ಅಕ್ಕ ಅಂಬಾ ಇರುವುದು ಅಘನಾಶಿನಿ ಊರಿನಲ್ಲಿ. ಬಹಳ ಹಿಂದೆ ಅವರ ಕಣ್ಣಿಗೆ ಆಪರೇಷನ್ ಆಗಿ ಕೀವು ತುಂಬಿ ಕಣ್ಣೇ ಹೋಯಿತು. ಆ ಹೆದರಿಕೆ ಇತ್ತು, ಅದನ್ನು ನಾನು ಇಲ್ಲ ಎನ್ನುವುದಿಲ್ಲ. ಆದರೆ ಇವರು? ಇವರಾದರೂ ಹೇಳಬೇಡವೇ? ಅತ್ತೆಯ ಎದುರು ಕೂತು, "ಆಯಿ, ಖರೇ ಹೇಳು, ನಿಂಗೆ ಕಾಣ್ತದ್ಯಾ ಇಲ್ವಾ?" ಎಂದು ಕೇಳಿದರು. "ಕಾಣ್ತದೆ ಮಾರಾಯ. ನೀ ಹಾಕಿದ್ ಲೈಟಲ್ಲಿ ಇರುವೆ ಹೋಗೂದೂ ಕಾಣ್ತದೆ." ಅಷ್ಟೇ. ಇವರು ನನ್ನ ಕಡೆ ತಿರುಗಿ, "ಕಾಣ್ತದೆ ಅಂತಾರಲ್ಲ ಜಯಂತಿ, ಸುಮ್ನೆ ಎಂತಕ್ಕೆ ಹೆದರಿಸ್ತೆ," ಎಂದರು. ಆಮೇಲೆ ಮಳೆ ಬಂತು. ನಾನು ವಾರಕ್ಕೊಮ್ಮೆ ಬಾಯಿ ಬಡಿದುಕೊಂಡೆ. ಆಯಿತು, ಮಾಡಿಸೋಣ, ಚೌತಿ ಮುಗಿಯಲಿ ಎಂದರು. ಚೌತಿಗೆ ಅಂಗಡಿಯಲ್ಲಿ ಹೊಸ ಕೋಣೆ ಕಟ್ಟುವುದಿತ್ತಲ್ಲ, ತಾಯಿಯ ಕಣ್ಣು ಕಾಯಬಹುದು, ಪ್ಲೈವುಡ್ಡು ಕಾಯುವುದಿಲ್ಲ.

ಹೊಸ ಕೋಣೆ ದೇವರ ಕೋಣೆ. ಈಗ ಹೊಸ ಮನೆ ಕಟ್ಟುವವರೆಲ್ಲ ದೇವರ ಕೋಣೆಗೆ ವಿಶೇಷ ಲೈಟು ಕೇಳುತ್ತಾರೆ. ಜಾಲರಿಯ ಹಿಂದಿನಿಂದ ಬರುವ ಬೆಳಕು, ಓಂ ಆಕಾರದ ಹೊಳಪು, ಮೇಲಿಂದ ದೇವರ ಮೇಲೆ ಮಾತ್ರ ಬೀಳುವ ಸ್ಪಾಟು. ಅದರ ಜೊತೆ ಈ ಸಲ ಇವರು ಮುಂಬೈಯಿಂದ ಒಂದು ಹೊಸ ಸಾಮಾನು ತರಿಸಿದ್ದರು, ಕರೆಂಟಿನ ಹಣತೆ. ನೋಡಲು ಹಿತ್ತಾಳೆಯ ಹಾಗೆ, ಮುಟ್ಟಿದರೆ ಪ್ಲಾಸ್ಟಿಕ್ಕು. ತುದಿಯಲ್ಲಿ ಉರಿಯ ಆಕಾರದ ಪುಟ್ಟ ಬಲ್ಬು ಗಾಳಿಗೆ ಅಲ್ಲಾಡಿದಂತೆ ಅಲ್ಲಾಡುತ್ತದೆ. ನಾನೂ ಮೊದಲ ಸಲ ಕೈ ಅಡ್ಡ ಹಿಡಿದು ನೋಡಿದ್ದೆ, ಸುಡುತ್ತದೇನೋ ಎಂದು. ಅಂಥ ಹಣತೆಗಳನ್ನು ದೇವರ ಪೀಠದ ಮೆಟ್ಟಿಲಿನ ಮೇಲೆ ಸಾಲಾಗಿಟ್ಟರು, ನಡುವೆ ನಮ್ಮ ಮನೆಯ ನಿಜವಾದ ಹಿತ್ತಾಳೆಯ ದೀಪವನ್ನು ಎಣ್ಣೆ ಬತ್ತಿ ಹಾಕಿ ಇಟ್ಟರು. ಹೊಸ ಕೋಣೆ ಕಟ್ಟಿದಾಗಲೆಲ್ಲ ಅತ್ತೆಯಿಂದಲೇ ದೀಪ ಹಚ್ಚಿಸುವುದು ನಮ್ಮ ಅಂಗಡಿಯ ಕ್ರಮ. ಅಂಗಡಿಗೆ ಅವರ ಹೆಸರು, ಮೊದಲ ಬೆಂಕಿ ಅವರ ಕೈಯದು.

ಚೌತಿಗೆ ವಾರವಿರುವಾಗ ಬೆಳಿಗ್ಗೆ ಮುಹೂರ್ತ. ಅಕ್ಕಪಕ್ಕದ ಅಂಗಡಿಯವರು, ನಾಲ್ಕಾರು ಗಿರಾಕಿಗಳು, ಇಂಟೀರಿಯರ್ ಕೆಲಸದವರು ಇಬ್ಬರು ಬಂದಿದ್ದರು. ನಮ್ಮಲ್ಲಿ ಕೆಲಸಕ್ಕಿರುವ ದಿವ್ಯಶ್ರೀ ಮೊಬೈಲ್ ಹಿಡಿದು ವೀಡಿಯೋ ಮಾಡುತ್ತಿದ್ದಳು. ಇವರು ಸ್ವಿಚ್ಚು ಒತ್ತಿದರು. ಕೋಣೆಯೆಲ್ಲ ಜಗ್ ಎಂದಿತು. ಹಣತೆಗಳು ಅಲ್ಲಾಡಿ ಅಲ್ಲಾಡಿ ಉರಿಯತೊಡಗಿದವು, ಸ್ಪಾಟುಗಳೆಲ್ಲ ಅತ್ತೆಯ ಮುಖಕ್ಕೇ ಹೊಡೆದವು. ಅತ್ತೆ ಹೊಸ ಸೀರೆ ಉಟ್ಟು, ಮುಡಿಗೆ ಅಬ್ಬಲಿಗೆ ಮುಡಿದು ನಿಂತಿದ್ದರು. ಕಡ್ಡಿ ಗೀರಿದರು. ತಡಕಾಡಲಿಲ್ಲ, ಬಹಳ ಗಂಭೀರವಾಗಿ ಬಾಗಿ ಕಡ್ಡಿಯನ್ನು ಒಂದು ಕರೆಂಟಿನ ಹಣತೆಗೆ ಹಿಡಿದರು.

ಒಂದು ಕ್ಷಣ ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು, ಹಣತೆಯ ಮೂತಿ ಮೇಣದ ಹಾಗೆ ಕೆಳಗೆ ಬಾಗಿತು. ದಿವ್ಯಶ್ರೀ "ಅಯ್ಯೋ ಅಜ್ಜೀ!" ಎಂದಳು. ಎಲ್ಲರೂ ಗೊಳ್ಳೆಂದು ನಕ್ಕರು. ನಾನು ಓಡಿ ಹೋಗಿ ಅತ್ತೆಯ ಕೈಯಿಂದ ಕಡ್ಡಿ ಕಿತ್ತುಕೊಂಡೆ.

ಈಗ ನನ್ನ ಗಂಡ ಎಂತ ಮಾಡಿದರು ಎಂದು ಕೇಳಿ. ಇನ್ನೊಬ್ಬ ಮಗ ಆಗಿದ್ದರೆ ಎದೆ ಧಸಕ್ಕೆನ್ನುತ್ತಿತ್ತು. ಇವರು ಎರಡೂ ಕೈ ಎತ್ತಿ, "ಕಂಡ್ರಾ! ಎಷ್ಟು ಅಸಲಿ ಕಾಣ್ತದೆ ಅಂದ್ರೆ ನಮ್ಮ ಆಯಿಯೇ ಮೋಸ ಹೋದ್ರು!" ಎಂದರು. ಜನ ಚಪ್ಪಾಳೆ ಹೊಡೆದರು. ಅತ್ತೆಯೂ ನಕ್ಕರು. ನಗುತ್ತಾ ನನ್ನ ಕೈಯನ್ನು ಬಿಡದೆ ಹಿಡಿದುಕೊಂಡಿದ್ದರು. ದಿವ್ಯಶ್ರೀ ಆ ವೀಡಿಯೋವನ್ನು 'ಅಜ್ಜಿಯೇ ಮೋಸ ಹೋದ ದೀಪ' ಎಂದು ಬರೆದು ಮೊಬೈಲಿನಲ್ಲಿ ಹಾಕಿದಳು. ಮಧ್ಯಾಹ್ನದೊಳಗೆ ಕುಮಟಾದಿಂದ, ಭಟ್ಕಳದಿಂದ, ಅಂಕೋಲೆಯಿಂದ ಫೋನು. ಎಲ್ಲರಿಗೂ ಅಜ್ಜಿಯ ದೀಪವೇ ಬೇಕು. ಇವರ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ನನಗೆ ಊಟ ಸೇರಲಿಲ್ಲ.

ಸಂಜೆ ಚಹಾದ ಹೊತ್ತಿಗೆ ಮನೆಗೆ ಬಂದೆವು. ಬಂದವರೇ ಇವರು ಮನೆಯ ಲೈಟುಗಳನ್ನೆಲ್ಲ ಹಾಕಿದರು, ಅದು ಇವರ ರೂಢಿ. ಅತ್ತೆ ಜಗುಲಿಯ ಮೇಲೆ ಕೂತರು. ಇವರು ಆ ಕಾಲು ಮುರಿದ ಸೋಫಾದ ಮೇಲೆ ಕೂತು ಮತ್ತೆ ಮತ್ತೆ ಅದೇ ವೀಡಿಯೋ ನೋಡತೊಡಗಿದರು. "ಅಯ್ಯೋ ಅಜ್ಜೀ" ಎನ್ನುವುದು, ನಗು, ಚಪ್ಪಾಳೆ. ಮತ್ತೆ "ಅಯ್ಯೋ ಅಜ್ಜೀ". ನನ್ನ ತಲೆ ಚಿಟ್ಟು ಹಿಡಿಯಿತು. ಚಹಾದ ಲೋಟ ಕುಕ್ಕಿ ಮೊಬೈಲು ಕಸಿದುಕೊಂಡೆ.

"ನಿಮ್ಗೆ ಬುದ್ಧಿ ಅನ್ನೂದು ಎಂತಾದ್ರೂ ಉಂಟಾ?"

"ಎಂತಾತೇ ನಿಂಗೆ?"

"ಹಣತೆ ಅಸಲಿ ದೀಪದ ಹಾಗೇ ಕಾಣ್ತದೆ, ಅದಕ್ಕೆ ಅತ್ತೆ ಮೋಸ ಹೋದ್ರು. ಅಲ್ವಾ? ಊರಿಗೆಲ್ಲ ಹಾಗೇ ಹೇಳಿದ್ರಲ್ವಾ?"

"ಹೌದು, ಮತ್ತೆ?"

ವೀಡಿಯೋವನ್ನು ಅತ್ತೆ ಬಾಗುವ ಜಾಗಕ್ಕೆ ತಂದು ನಿಲ್ಲಿಸಿ ಇವರ ಮೂಗಿನ ಎದುರು ಹಿಡಿದೆ. "ನೋಡಿ. ಹಣತೆ ಆಗ್ಲೇ ಉರೀತಾ ಉಂಟು. ಸಾಲಲ್ಲಿ ಎಲ್ಲವೂ ಉರೀತಾ ಉಂಟು, ನೀವೇ ಹಾಕಿದ್ದು. ಉರೀತಿರೋ ದೀಪ ಅಂತ ಮೋಸ ಹೋದವರು ಅದಕ್ಕೆ ಕಡ್ಡಿ ಯಾಕೆ ಹಿಡೀತಾರೆ? ಉರಿಯೋ ದೀಪವನ್ನ ಯಾರಾದ್ರೂ ಹಚ್ತಾರಾ?"

ಇವರು ನೋಡಿದರು. ಮೊಬೈಲನ್ನು ನನ್ನ ಕೈಯಿಂದ ತೆಗೆದುಕೊಂಡು ಇನ್ನೊಮ್ಮೆ ನೋಡಿದರು. ಈ ಸಲ ಸದ್ದು ತೆಗೆದು ನೋಡಿದರು. ಇವರ ಮುಖದ ಬಣ್ಣ ಇಳಿಯುವುದನ್ನು ನಾನು ನಿಂತು ನೋಡಿದೆ. ನನಗೆ ಕರುಣೆ ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಸಿಟ್ಟು ಕರುಣೆಗಿಂತ ಜಾಸ್ತಿ ಇತ್ತು.

ಜಗುಲಿಗೆ ಹೋಗಿ ತಾಯಿಯ ಎದುರು ನೆಲದ ಮೇಲೆ ಕೂತರು. "ಆಯಿ, ಇವತ್ತು ಅಂಗಡೀಲಿ ಎಂತ ಕಂಡ್ತು ನಿಂಗೆ?"

ಅತ್ತೆ ಸೀರೆಯ ಸೆರಗು ತಿರುವಿದರು. "ಬೆಳ್ಳಗೆ," ಎಂದರು. "ಬರೀ ಬೆಳ್ಳಗೆ. ಅಳಿವೇಲಿ ಮಂಜು ಬಿದ್ದಂಗೆ."

"ಮನೇಲಿ?"

"ಇಲ್ಲೂ ಹಂಗೇ. ನೀ ಒಂದೊಂದು ಲೈಟು ಹಾಕ್ದಂಗೂ ಮಂಜು ಜಾಸ್ತಿ ಆತು."

"ಕಾಣ್ತದೆ ಅಂತಿದ್ಯಲ್ಲ ಆಯೀ!"

"ಮತ್ತೆಂತ ಹೇಳೂದು?" ಅತ್ತೆಯ ದನಿ ಒಮ್ಮೆಲೇ ಏರಿತು. "ನೀ ಏಣಿ ಹತ್ತಿ, ಬೆವರು ಒರೆಸ್ಕಂಡು, ಆಯಿ ಕಾಣ್ತದ್ಯಾ ಅಂತ ಕೇಳ್ತೆ. ಕಡಲಲ್ಲಿ ನಿಂಗೆ ಎಂತದೂ ಬರೂದಿಲ್ಲ ಅಂತ ಊರೆಲ್ಲ ಹೇಳ್ತು, ನಿನ್ನ ಅಪ್ಪನೂ ಹೇಳ್ದ. ಇದೂ ಬರೂದಿಲ್ಲ ಅಂತ ನಾನೇ ಹೇಳೂದಾ?"

ಇವರು ಎದ್ದು ಹೋಗಿ ಜಗುಲಿಯ ಸ್ಪಾಟು ಆರಿಸಿದರು. "ಈಗ, ಆಯಿ?" ತುಳಸಿಕಟ್ಟೆಯದು ಆರಿಸಿದರು. "ಈಗ?" ಹಾಲಿನದು, ಹೊಸಿಲಿನದು, ಬುಡದ ಸ್ಟ್ರಿಪ್ಪು, ಒಂದೊಂದೇ ಆರಿಸುತ್ತಾ ಬಂದರು. ಕೊನೆಗೆ ಉಳಿದದ್ದು ಅಡುಗೆಮನೆಯ ಒಲೆಯ ಮೇಲಿನ ಆ ಹಳದಿ ಬಲ್ಬು, ಅದೂ ಅತ್ತೆಯ ಬೆನ್ನ ಹಿಂದೆ ಇತ್ತು. ಆಗ ಅತ್ತೆ ಕೈ ಚಾಚಿ, "ಹ್ಞಾಂ, ಈಗ ನೀ ಒಂಚೂರು ಕಾಣ್ತೆ ಮಾರಾಯ," ಎಂದರು. ಎರಡು ವರ್ಷದಲ್ಲಿ ಅವರು ಇದನ್ನು ಖರೆಯಾಗಿ ಹೇಳಿದ್ದು ಅದೇ ಮೊದಲು. ಇವರು ಗೋಡೆಗೆ ತಲೆಯಿಟ್ಟು ಅತ್ತರು. ಅಮ್ಮನೂ ಮಗನೂ ಒಬ್ಬರ ಮನಸ್ಸು ಒಬ್ಬರು ನೋಯಿಸಬಾರದೆಂದು ಸೇರಿ ಒಂದು ಕಣ್ಣು ತಿಂದುಹಾಕಿದರಲ್ಲ ಎಂದು ನನಗೂ ಅಳು ಬಂತು, ಹಲ್ಲು ಕಡಿಯುವಷ್ಟು ಸಿಟ್ಟೂ ಬಂತು.

ಮರುದಿನವೇ ಕುಮಟಾದ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಇವರು ಕೇಳಿದ ಮೊದಲ ಪ್ರಶ್ನೆ, ಬೆಳಕು ಜಾಸ್ತಿಯಾದರೆ ಯಾಕೆ ಕಾಣುವುದಿಲ್ಲ ಎಂದು. "ಮಂಜಲ್ಲಿ ಗಾಡಿಯ ಹೆಡ್‌ಲೈಟು ಜೋರು ಮಾಡಿದ್ರೆ ಎಂತ ಆಗ್ತದೆ? ಮಂಜೇ ಕಾಣ್ತದೆ, ರಸ್ತೆ ಕಾಣೋದಿಲ್ಲ. ಪೊರೆ ಬಂದ ಕಣ್ಣಿಗೆ ಎದುರಿಂದ ಬೆಳಕು ಬಿದ್ರೆ ಹಾಗೇ," ಎಂದರು ಡಾಕ್ಟರು. ಆಮೇಲೆ ಬಲಗಣ್ಣು ಪೂರ್ತಿ ಬರುತ್ತದೆ ಎಂದರು. ಎಡಗಣ್ಣಿನ ಒಳಗೆ ಒತ್ತಡ ಆಗಲೇ ಏರಿದೆ, ಆಪರೇಷನ್ ಮಾಡಿದರೆ ನೋವು ಹೋಗುತ್ತದೆ, ನೋಟ ಬರುತ್ತದೆಂದು ಆಸೆ ಇಟ್ಟುಕೊಳ್ಳಬೇಡಿ ಎಂದರು. ಇವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಅತ್ತೆಯೇ, "ಆತು, ಒಂದು ಸಾಕು. ಎರಡರಲ್ಲಿ ನೋಡುವಂತದ್ದು ಎಂತ ಉಂಟು ಈ ಊರಲ್ಲಿ," ಎಂದರು.

ವೀಡಿಯೋವನ್ನು ಇವರು ಅವತ್ತೇ ತೆಗೆಸಿದರು. ಅಜ್ಜಿಯ ದೀಪ ಬೇಕೆಂದು ಫೋನು ಮಾಡಿದವರಿಗೆಲ್ಲ ಇಲ್ಲ ಎಂದರು. ಉಳಿದ ಹಣತೆಗಳನ್ನು ಪೆಟ್ಟಿಗೆಗೆ ತುಂಬಿ ಮುಂಬೈಗೆ ಹಿಂದೆ ಕಳಿಸಿದರು. ಬಂದ ಗಿರಾಕಿಯನ್ನು ಇವರು ಬರಿಗೈಯಲ್ಲಿ ಕಳಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮನೆಯ ಲೈಟುಗಳನ್ನೂ ಕಿತ್ತರು. ತುಳಸಿಗೆ ಈಗ ನಿದ್ದೆ ಬರುತ್ತಿರಬೇಕು.

ಬಲಗಣ್ಣು ಬಂತು. ಪಟ್ಟಿ ಬಿಚ್ಚಿದ ಮೇಲೆ ಅತ್ತೆ ಮನೆಯೆಲ್ಲ ತಿರುಗಿ ಗೋಡೆಯ ತೂತುಗಳನ್ನು ನೋಡಿ, "ಎಂತಾ ಇದು, ಒರಲೆ ಹುಳು ತಿಂದಿದ್ದಾ?" ಎಂದರು. ನನ್ನ ಅಡುಗೆಮನೆಯ ಕಪಾಟಿನ ಧೂಳು ಕಂಡು ಎರಡು ಮಾತು ಬೈದರು. ಕಾಣದೆ ಇದ್ದಾಗಲೇ ಒಳ್ಳೆಯವರಿದ್ದಿರಿ ಎಂದೆ ನಾನು. ಇಬ್ಬರೂ ನಕ್ಕೆವು.

ಎಡಗಣ್ಣಿಗೂ ಆಪರೇಷನ್ ಆಗಿ ನೋವು ಹೋಗಿತ್ತು, ಆದರೆ ಅದರ ನೋಟದ ಆಸೆಯನ್ನು ಮಾತ್ರ ಇವರು ಬಿಟ್ಟಿರಲಿಲ್ಲ. ನಿನ್ನೆ ಸಂಜೆ ಅಂಗಡಿಯಿಂದ ಬೇಗ ಬಂದು ಜಗುಲಿಯಲ್ಲಿ ತಾಯಿಯ ಎದುರು ಕೂತರು. ಇನ್ನೂ ಬಿಸಿಲಿತ್ತು. ಅತ್ತೆಯ ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಳ್ಳಲು ಹೇಳಿದರು. ನಾನು ಬಾಗಿಲಲ್ಲಿ ಅಕ್ಕಿ ಆರಿಸುತ್ತಾ ನೋಡುತ್ತಿದ್ದೆ.

"ಎಷ್ಟು ಬೆರಳು, ಆಯಿ?"

"ಎರಡು," ಎಂದರು ಅತ್ತೆ, ಒಂಚೂರೂ ತಡೆಯದೆ.

ಇವರ ಎರಡೂ ಕೈ ಮಡಿಲಲ್ಲಿದ್ದವು. ಇವರು ನನ್ನನ್ನು ನೋಡಿದರು. ನಾನು ಅಕ್ಕಿಯನ್ನು ನೋಡಿದೆ. ಇವರು ಈ ಸಲವೂ ತಾಯಿಯ ಸುಳ್ಳಿಗೆ ಹ್ಞಾಂ ಎಂದುಬಿಡುತ್ತಾರೇನೋ ಎಂದು ನನಗೆ ಹೆದರಿಕೆ.

"ಆಯಿ," ಎಂದರು ಇವರು, "ನಾ ಕೈ ಎತ್ತಲೇ ಇಲ್ಲ."

ಅತ್ತೆ ಬಲಗಣ್ಣಿನ ಮೇಲಿನ ಅಂಗೈಯನ್ನು ತೆಗೆಯಲಿಲ್ಲ. "ಹಂಗಾರೆ ಎತ್ತು ಮಾರಾಯ," ಎಂದರು, "ಎಷ್ಟೊತ್ತು ಕಾಯೂದು ನಾನು!"